ಕಾಲಲ್ಲಿ ಗಂಟಾ? ಮೊದಲು ಬ್ಲೇಡು ಕೆಳಗಿಡಿ

ಕಳೆದ ಮಳೆಗಾಲದಲ್ಲಿ ಒಂದು ದಿನ ಅಮ್ಮ ಬಚ್ಚಲಮನೆ ಹೊಸ್ತಿಲಲ್ಲಿ ಕೂತು, ಅಪ್ಪನ ಶೇವಿಂಗ್ ಬ್ಲೇಡಿನಿಂದ ಅಂಗಾಲಿನ ಆಣಿ ಹೆರೆಯುತ್ತಿದ್ದರು. ಹತ್ತಿರದ ಮೆಡಿಕಲ್ ಶಾಪಿನವರು ಕೊಟ್ಟ ಕಾರ್ನ್ ಕ್ಯಾಪ್ (ಆಣಿಗೆ ಅಂಟಿಸುವ ಔಷಧಿ ಪಟ್ಟಿ) ಹಚ್ಚಿ ಎರಡು ವಾರ ಆಗಿತ್ತು, ಗಂಟು ಹೋಗಿರಲಿಲ್ಲ. ಅಮ್ಮನಿಗೆ ಶುಗರ್ ಇದೆಯಾ ಅಂತ ಆ ಅಂಗಡಿಯವರು ಕೇಳಿರಲಿಲ್ಲ. ‘ನೋವೇ ಇಲ್ಲ ಕಣೋ, ಸುಮ್ನಿರು’ ಅಂದರು ಅಮ್ಮ. ನನಗೆ ಹೆದರಿಕೆ ಹುಟ್ಟಿಸಿದ್ದು ಆ ಮಾತೇ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರ ಪಾದದಲ್ಲಿ ನೋವಿಲ್ಲ ಅಂದರೆ ಗಾಯವಿಲ್ಲ ಅಂತ ಅರ್ಥವಲ್ಲ. ನರಗಳು ಮಂಕಾಗಿರಬಹುದು.

ಪಾದದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಯಾವುದನ್ನು ಮನೆಯಲ್ಲೇ ನೋಡಿಕೊಳ್ಳಬಹುದು, ಯಾವುದಕ್ಕೆ ಡಾಕ್ಟರು ಬೇಕು ಅಂತ ತಿಳಿಯಬೇಕಲ್ವಾ?

ಮೊದಲು ಬೆಳಕಿನಲ್ಲಿ ನೋಡಿ

ಸ್ನಾನ ಆದ ಮೇಲೆ ಕಾಲು ಒರೆಸಿಕೊಂಡು, ಬಿಸಿಲು ಬೀಳುವ ಕಡೆ ಕೂತುಕೊಳ್ಳಿ. ಅಂಗಾಲು ಕಾಣದಿದ್ದರೆ ಕನ್ನಡಿ ಇಟ್ಟುಕೊಳ್ಳಿ, ಇಲ್ಲವೇ ಮನೆಯವರನ್ನು ಕರೆಯಿರಿ. ಗಂಟಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ತಿಂಗಳ ನಂತರ ಬೆಳೆದಿದೆಯೋ ಇಲ್ಲವೋ ಅಂತ ನೆನಪನ್ನು ನಂಬಿ ಹೇಳಲಾಗದು, ಫೋಟೊ ಹೇಳುತ್ತದೆ. ಇನ್ನೊಂದು ಕಾಲನ್ನೂ ನೋಡಿ. ಎರಡೂ ಕಡೆ ಒಂದೇ ಜಾಗದಲ್ಲಿ ಉಬ್ಬಿದ್ದರೆ ಅದು ಹಲವು ಸಲ ಮೂಳೆಯ ಆಕಾರವೇ ಆಗಿರುತ್ತದೆ.

ಆಮೇಲೆ ಜಾಗ ಗುರುತಿಸಿ

ಜಾಸ್ತಿ ಗೊಂದಲ ಆಗುವುದು ಅಂಗಾಲಿನಲ್ಲೇ. ಆಣಿ ಮತ್ತು ನರುಲಿ ನೋಡಲು ಒಂದೇ ತರ ಇರುತ್ತವೆ. ಆಣಿ ಆಗುವುದು ಒತ್ತಡದಿಂದ. ಚಪ್ಪಲಿಯೋ ಮೂಳೆಯೋ ಒಂದೇ ಕಡೆ ಒತ್ತುತ್ತಾ ಇದ್ದರೆ ಚರ್ಮ ಜಡ್ಡುಗಟ್ಟಿ, ನಡುವೆ ಗಟ್ಟಿ ತಿರುಳು ಕೂರುತ್ತದೆ. ನರುಲಿ ಬರುವುದು ವೈರಸ್‌ನಿಂದ. ಅದರ ಮೇಲೆ ಚರ್ಮದ ಗೆರೆಗಳು ಕತ್ತರಿಸಿ ಹೋಗಿರುತ್ತವೆ. ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ ಕಾಣಬಹುದು. ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು, ಕೊಳೆ ಅಲ್ಲ. ಬೆರಳಿನಿಂದ ಒಂದು ಪರೀಕ್ಷೆ ಮಾಡಬಹುದು: ನೇರವಾಗಿ ಒತ್ತಿದಾಗ ನೋವು ಜಾಸ್ತಿ ಆದರೆ ಆಣಿ ಇರಬಹುದು, ಎರಡೂ ಪಕ್ಕದಿಂದ ಚಿವುಟಿದಾಗ ಜಾಸ್ತಿ ಆದರೆ ನರುಲಿ. ನೂರಕ್ಕೆ ನೂರು ಸರಿ ಅಂತಲ್ಲ, ಆದರೆ ಉಪಯೋಗಕ್ಕೆ ಬರುತ್ತದೆ. ನರುಲಿಯಾದರೆ ಮನೆಯಲ್ಲಿ ಒಬ್ಬರ ಟವೆಲ್, ಚಪ್ಪಲಿ ಇನ್ನೊಬ್ಬರು ಬಳಸಬೇಡಿ.

ಅಂಗಾಲಿನ ಕುಳಿಯಲ್ಲಿ ಚರ್ಮದ ಕೆಳಗೆ ಗೋಲಿಯಂಥ ಗಟ್ಟಿ ಗಂಟು ಸಿಕ್ಕರೆ ಅದು ಫೈಬ್ರೋಮಾ ಇರಬಹುದು. ನಿಧಾನವಾಗಿ ಬೆಳೆಯುತ್ತದೆ, ಅಪಾಯ ಕಡಿಮೆ, ಆದರೂ ಒಮ್ಮೆ ತೋರಿಸಿ. ಪಾದದ ಮೇಲ್ಭಾಗದಲ್ಲಿ ಕೀಲಿನ ಹತ್ತಿರ ಮೆತ್ತಗೆ ಉಬ್ಬಿದ್ದು, ಕೆಲವು ದಿನ ದೊಡ್ಡದು, ಕೆಲವು ದಿನ ಚಿಕ್ಕದು ಅನಿಸಿದರೆ ಗ್ಯಾಂಗ್ಲಿಯನ್ ಇರಬಹುದು. ಒಳಗೆ ಜೆಲ್ಲಿಯಂಥ ದ್ರವ ಇರುತ್ತದೆ. ಕತ್ತಲೆಯಲ್ಲಿ ಪಕ್ಕದಿಂದ ಟಾರ್ಚ್ ಹಿಡಿದರೆ ಬೆಳಕು ಹಾಯುತ್ತದೆ. ಹಿಂದೆಲ್ಲ ದಪ್ಪ ಪುಸ್ತಕದಿಂದ ಹೊಡೆದು ಇದನ್ನು ಒಡೆಯುತ್ತಿದ್ದರಂತೆ. ಆ ಸಾಹಸಕ್ಕೆ ಹೋಗಬೇಡಿ, ಮೂಳೆಗೇ ಏಟು ಬೀಳುತ್ತದೆ.

ಹೆಬ್ಬೆರಳಿನ ಬುಡದ ಒಳಗಡೆ ಉಬ್ಬಿ, ಬೆರಳು ಪಕ್ಕದ ಬೆರಳಿನ ಕಡೆ ವಾಲಿದ್ದರೆ ಅದು ಬನಿಯನ್. ಮೂಳೆಯೇ ಸರಿದಿರುತ್ತದೆ. ಮೂತಿ ಚೂಪಾದ ಶೂ ಅದನ್ನು ಇನ್ನಷ್ಟು ಕೆಡಿಸುತ್ತದೆ. ಅದೇ ಜಾಗ ರಾತ್ರೋರಾತ್ರಿ ಕೆಂಪಾಗಿ, ಬಿಸಿಯಾಗಿ, ಹೊದಿಕೆ ತಾಗಿದರೂ ಉರಿಯುವಷ್ಟು ನೋವಾದರೆ ಗೌಟ್ ಇರಬಹುದು, ಯೂರಿಕ್ ಆಸಿಡ್ ಹರಳುಗಳ ಕಾಟ. ಹಿಮ್ಮಡಿಯ ಹಿಂದೆ ಶೂ ಉಜ್ಜುವ ಕಡೆ ಗಂಟಾದರೆ ಮೊದಲು ಶೂ ಬದಲಿಸಿ ನೋಡಿ.

ಇನ್ನೊಂದು ವಿಷಯ, ರಜೆಗೆ ಊರಿಗೆ ಹೋಗಿ ಬರಿಗಾಲಲ್ಲಿ ತೋಟ ಸುತ್ತುವವರಿಗೆ. ಮುಳ್ಳು ಚುಚ್ಚಿ ತಿಂಗಳುಗಳೇ ಕಳೆದ ಮೇಲೆ ಪಾದ ನೋವಿಲ್ಲದೆ ಊದಿ, ಸಣ್ಣ ತೂತುಗಳಿಂದ ರವೆಯಂಥ ಕಪ್ಪು, ಬಿಳಿ ಅಥವಾ ಹಳದಿ ಕಾಳು ಬಂದರೆ ಅದು ಮೈಸೆಟೋಮಾ ಎಂಬ ಸೋಂಕು ಇರಬಹುದು. 1842ರಲ್ಲಿ ಮಧುರೈಯಲ್ಲಿ ಗುರುತಿಸಿದ್ದರಿಂದ ‘ಮಧುರಾ ಫೂಟ್’ ಎಂಬ ಹೆಸರೂ ಇದೆ. ಚಿಕಿತ್ಸೆ ಮಾಡಿಸದೆ ಹಾಗೇ ಬಿಟ್ಟರೆ ಇದು ಮೂಳೆಗೂ ಇಳಿಯುತ್ತದೆ.

ಎಷ್ಟು ದಿನ ಕಾಯಬಹುದು?

ಶುಗರ್ ಇಲ್ಲದವರ ಸಾಮಾನ್ಯ ಆಣಿಗೆ ಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ, ಮೆತ್ತಗೆ ಪ್ಯೂಮಿಸ್ ಕಲ್ಲಿನಿಂದ ಉಜ್ಜಿ, ಅಗಲ ಚಪ್ಪಲಿ ಹಾಕಿ ಎರಡು ಮೂರು ವಾರ ನೋಡಬಹುದು. ಶುಗರ್ ಇರುವವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಕಾಯುವುದು ಬೇಡ, ಕಾರ್ನ್ ಕ್ಯಾಪೂ ಬೇಡ. ಅದರೊಳಗಿನ ಸ್ಯಾಲಿಸಿಲಿಕ್ ಆಸಿಡ್ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸುಟ್ಟಿದ್ದು ಇವರಿಗೆ ಗೊತ್ತೇ ಆಗುವುದಿಲ್ಲ.

ಗಂಟು ಬೆಳೆಯುತ್ತಲೇ ಇದ್ದರೆ, ಕಲ್ಲಿನಂತೆ ಗಟ್ಟಿಯಾಗಿ ಅಲುಗಾಡದೆ ಕೂತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಈ ವಾರವೇ ಹೋಗಿ. ಅಂಗಾಲಿನಲ್ಲೋ ಉಗುರಿನ ಕೆಳಗೋ ಕಪ್ಪು ಕಲೆ ಹರಡುತ್ತಿದ್ದರೆ, ‘ನರುಲಿ’ ಅಂದುಕೊಂಡದ್ದು ರಕ್ತ ಸೋರುತ್ತಾ ಮಾಯದೇ ಇದ್ದರೂ ಅಷ್ಟೇ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ನಮ್ಮಂಥ ಮೈಬಣ್ಣದವರಿಗೆ ಬಂದರೆ ಇಂಥ ಕಡೆಯೇ ಕಾಣುವುದು ಹೆಚ್ಚು. ಇನ್ನು ಜ್ವರ, ಕೀವು, ಮೇಲಕ್ಕೆ ಹಬ್ಬುವ ಕೆಂಪು ಗೆರೆ, ಅಥವಾ ಶುಗರ್ ಇರುವವರ ಪಾದ ಇದ್ದಕ್ಕಿದ್ದಂತೆ ಬಿಸಿಯಾಗಿ ಊದುವುದು: ಇವುಗಳಿಗೆ ಅದೇ ದಿನ ಆಸ್ಪತ್ರೆ.

ಎಲ್ಲಿಗೆ?

ಮೊದಲ ನೋಟಕ್ಕೆ ವಾರ್ಡಿನ ಸರ್ಕಾರಿ ‘ನಮ್ಮ ಕ್ಲಿನಿಕ್’ ಅಥವಾ ಮನೆ ಡಾಕ್ಟರು ಸಾಕು. ಆಣಿ, ನರುಲಿ, ಕಪ್ಪು ಕಲೆಗೆ ಚರ್ಮದ ಡಾಕ್ಟರು. ಮೂಳೆ, ಕೀಲಿನ ಗಂಟಿಗೆ ಮೂಳೆ ಡಾಕ್ಟರು. ಬೆಂಗಳೂರಿನಲ್ಲಾದರೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಈ ಕೆಲಸಕ್ಕೇ ಇರುವ ಸರ್ಕಾರಿ ಸಂಸ್ಥೆ. ಕ್ಯಾನ್ಸರ್ ಅನುಮಾನ ಬಂದರೆ ಅಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಎಕ್ಸ್‌-ರೇ, ಸ್ಕ್ಯಾನಿಂಗ್ ಬರೆದುಕೊಟ್ಟರೆ ಗಾಬರಿ ಬೇಡ. ಅನುಮಾನದ ಗಂಟನ್ನು ಪರೀಕ್ಷೆ ಇಲ್ಲದೆ ‘ಇವತ್ತೇ ಕೊಯ್ದುಬಿಡೋಣ’ ಅನ್ನುವವರ ಹತ್ತಿರ ಮಾತ್ರ ಎರಡು ಸಲ ಯೋಚಿಸಿ.

ಹೋಗುವಾಗ ಫೋಟೊ, ಶುಗರ್ ರಿಪೋರ್ಟ್ ಜೊತೆಗೆ ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿ. ಅಮ್ಮನ ಆಣಿಯ ಕೆಳಗೆ ಕಡಲೆಕಾಳಿನಷ್ಟು ಹುಣ್ಣು ಆಗಲೇ ಶುರುವಾಗಿತ್ತು. ಡಾಕ್ಟರು ಅದಕ್ಕೆ ಡ್ರೆಸ್ಸಿಂಗ್ ಮಾಡಿ, ಅಮ್ಮ ಬಾಗಿಲ ಬಳಿ ಬಿಟ್ಟಿದ್ದ ಹವಾಯಿ ಚಪ್ಪಲಿ ತರಿಸಿದರು. ಆಣಿ ಇದ್ದ ಜಾಗದಲ್ಲೇ ರಬ್ಬರು ಸವೆದು, ಬೆರಳು ಒತ್ತಿದರೆ ನೆಲ ಸಿಗುತ್ತಿತ್ತು.