ಸಾಮಾನು ಗಾಡಿ ಹತ್ತುವ ಮೊದಲು

ಅಡಿಕೆ ಸುಲಿಯುವ ಮಷಿನ್ ಟಾಟಾ ಏಸ್ ಹತ್ತಿ ಕೂತಾಗಿತ್ತು. ಹಗ್ಗವನ್ನೂ ಬಿಗಿದಾಗಿತ್ತು. ತಗೊಳ್ಳಲು ಬಂದವನು ತನ್ನ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. ಹಸಿರು ಟಿಕ್, ಅದರ ಕೆಳಗೆ 38,000 ರೂಪಾಯಿ, ಅದರ ಕೆಳಗೆ ನನ್ನದೇ ಹೆಸರು. "ಹೋಯ್ತು ನೋಡಿ ಹೆಗಡೇರೇ" ಅಂದ.

ನನ್ನ ಮೊಬೈಲಿನಲ್ಲಿ ಏನೂ ಬಂದಿರಲಿಲ್ಲ. ಜುಲೈ ತಿಂಗಳು, ಹಿಂದಿನ ರಾತ್ರಿಯಿಂದ ಕರೆಂಟ್ ಇಲ್ಲ, ಕರೆಂಟ್ ಇಲ್ಲದೆ ವೈಫೈ ಇಲ್ಲ. ಆಮೇಲೆ ಬರಬಹುದು ಅಂದುಕೊಂಡು ನಾನು ತಲೆ ಆಡಿಸಿಯೇಬಿಟ್ಟಿದ್ದೆ. ಜಗಲಿಯ ಮೇಲೆ ವೀಳ್ಯದೆಲೆ ಒರೆಸುತ್ತ ಕೂತಿದ್ದ ಆಯಿ ಮೆಲ್ಲಗೆ ಕೇಳಿದಳು: "ತಮಾ, ಇಲ್ಲಿ ಫೋನೇ ಹತ್ತತಿಲ್ಲೆ. ಅವನ ದುಡ್ಡು ಹ್ಯಾಂಗೆ ಹೋತು?"

ಹೌದಲ್ವಾ! ನಮ್ಮ ಮನೆ ಇರುವುದು ಶಿರಸಿಯಿಂದ 20 ಕಿಲೋಮೀಟರ್ ಒಳಗೆ, ಹುಲೇಕಲ್ ಕಡೆ. ನಮ್ಮ ಅಂಗಳದಲ್ಲಿ ಯಾವ ಕಂಪನಿಯ ಸಿಗ್ನಲ್ಲೂ ಇಲ್ಲ. ಒಂದು ಗೆರೆ ಸಿಗಬೇಕಾದರೆ ಮೇಲಿನ ಸೊಪ್ಪಿನ ಬೆಟ್ಟದ ಮಾವಿನ ಮರದ ಬುಡಕ್ಕೆ ಹೋಗಬೇಕು. ಕೇಳಿದ್ದಕ್ಕೆ ಅವನು, ಬರುವಾಗ ದಾರಿಯಲ್ಲೇ ಕಳಿಸಿದ್ದೆ ಅಂದ. ಆದರೆ ನಾನು ಹೇಳಿದ್ದ ರೇಟು 40,000. ಅದರಲ್ಲಿ ಎರಡು ಸಾವಿರ ಇಳಿಸಿದ್ದು ಹತ್ತು ನಿಮಿಷದ ಹಿಂದೆ, ಇದೇ ಅಂಗಳದಲ್ಲಿ, ಮಷಿನಿನ ಬೆಲ್ಟ್ ಮುಟ್ಟಿ ನೋಡಿದ ಮೇಲೆ. ದಾರಿಯಲ್ಲೇ 38,000 ಅಂತ ಇವನಿಗೆ ಹೇಗೆ ಗೊತ್ತಾಯಿತು?

"ಮಾವಿನ ಮರದ ಹತ್ತಿರ ಹೋಗಿ ನೋಡಿಬರೋಣ, ಗಾಡಿ ಇಲ್ಲೇ ಇರಲಿ" ಅಂದೆ. ಎಟಿಎಂಗೆ ಹೋಗಿ ನಗದನ್ನೇ ತರುತ್ತೇನೆ ಅಂತ ಬೈಕ್ ಹತ್ತಿ ಹೋದವನು ಇವತ್ತಿನವರೆಗೂ ಬಂದಿಲ್ಲ. ಗಾಡಿಯವನು ಶಿರಸಿಯ ಗುರುತಿನ ಹುಡುಗ. ಅವನಿಗೂ ಆ ಮನುಷ್ಯ ಯಾರು ಅಂತ ಗೊತ್ತಿರಲಿಲ್ಲ, ಬೆಳಿಗ್ಗೆ ಫೋನ್ ಮಾಡಿ ಬಾಡಿಗೆಗೆ ಕರೆದಿದ್ದನಂತೆ. ಮಷಿನ್ ಇಳಿಸಿಕೊಂಡು ಬಾಡಿಗೆ ನಾನೇ ಕೊಟ್ಟೆ.

ಹಣ ಹೋದ ಹಾಗೆ ತೋರಿಸುವ ನಕಲಿ ಆ್ಯಪ್‌ಗಳು ಇವೆ ಅಂತ ಆಮೇಲೆ ಮಗ ಹೇಳಿದ. ಹೆಸರು ಮತ್ತು ಮೊತ್ತ ಹಾಕಿದರೆ ಸಾಕು, ಟಿಕ್ ಬರುತ್ತದೆ, ಟಿಂಗ್ ಅಂತ ಸದ್ದೂ ಬರುತ್ತದೆ. ಇಂಟರ್ನೆಟ್ಟೇ ಬೇಡ.

ಈ ಮಾರಾಟದ ಕೆಲಸ ನನಗೆ ಗಂಟುಬಿದ್ದದ್ದು ಹಿಸ್ಸೆಯಿಂದ. ಮನೆ ಪಾಲಾದಾಗ ಯಾರಿಗೂ ಬೇಡದ ದೊಡ್ಡ ದೊಡ್ಡ ಸಾಮಾನು ನನ್ನ ಪಾಲಿಗೆ ಉಳಿದವು. ಹಲಸಿನ ಮರದ ತೂಗುಮಂಚ, ಬಚ್ಚಲಿನ ತಾಮ್ರದ ಹಂಡೆ, ಡೀಸೆಲ್ ಪಂಪು, ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ. ಅವನ್ನು ಮೊಬೈಲಿನಲ್ಲಿ ಮಾರಿದ್ದು ನೋಡಿ ಭಾವಂದಿರು, ಆಚೆ ಮನೆಯವರು ಎಲ್ಲ ತಮ್ಮದನ್ನೂ ತಂದು ಹಾಕಿದರು. ಇಂಥದ್ದನ್ನು ಯಾವ ಕೊರಿಯರ್‌ನವರೂ ಒಯ್ಯುವುದಿಲ್ಲ. ಹಾಗಾಗಿ ಜಾಹೀರಾತಿನಲ್ಲಿ 'ಬಂದು ನೋಡಿ ಒಯ್ಯಬೇಕು' ಅಂತಲೇ ಹಾಕುವುದು. ಆ್ಯಪ್ ಫೋಟೋ ತೋರಿಸುತ್ತದೆ, ಅಷ್ಟೇ. ದುಡ್ಡಿನ ವ್ಯವಹಾರ ನಮ್ಮ ನಮ್ಮೊಳಗೆ. ಸಾಮಾನು ಕೊಟ್ಟಿದ್ದಕ್ಕೆ ರಸೀತಿ ಇಲ್ಲ, ಕೊರಿಯರ್ ನಂಬರ್ ಇಲ್ಲ. ಗಾಡಿ ದಣಪೆ, ಅಂದರೆ ಅಂಗಳದ ಗೇಟು, ದಾಟಿತೋ, ಮುಗಿಯಿತು.

ಸುಳ್ಳು ಗಿರಾಕಿಗಳಲ್ಲಿ ಜಾಸ್ತಿ ಜನ ಮನೆವರೆಗೆ ಬರುವುದೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅವರ ಮೆಚ್ಚಿನ ವೇಷ ನೌಕಾಪಡೆಯದು, ಸೀಬರ್ಡ್ ನೌಕಾನೆಲೆ ಇಲ್ಲೇ ಕಾರವಾರದಲ್ಲಿದೆಯಲ್ಲ. "ಕಾರವಾರ ಸೀಬರ್ಡ್‌ಗೆ ಪೋಸ್ಟಿಂಗ್ ಆಗಿದೆ, ರಜೆ ಇಲ್ಲ, ನಮ್ಮ ಟ್ರಕ್ ಕಳಿಸುತ್ತೇನೆ" ಅಂತ ಹಿಂದಿಯಲ್ಲಿ ಮಾತು. ಕೇಳದಿದ್ದರೂ ಗುರುತಿನ ಚೀಟಿಯ ಫೋಟೋ ಕಳಿಸುತ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ಸ್ಕ್ಯಾನ್ ಮಾಡಿ, ಪಿನ್ ಹಾಕಿ, ಹಣ ನಿಮಗೆ ಬರುತ್ತದೆ ಅನ್ನುತ್ತಾರೆ. ಸ್ಕ್ಯಾನ್ ಮಾಡುವುದು ಹಣ ಕೊಡುವವನು, ಪಡೆಯುವವನಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು, ಇಲ್ಲವೇ ಬ್ಯಾಲೆನ್ಸ್ ನೋಡಲು. ಬರುವ ಹಣಕ್ಕೆ ಪಿನ್ ಇಲ್ಲ. ಇಷ್ಟು ಗೊತ್ತಿದ್ದೂ ನಮ್ಮ ಚಿಕ್ಕ ಭಾವ ಐದು ರೂಪಾಯಿ ಕಳಿಸಿ ನೋಡಿದ. ವಾಪಸ್ ಹತ್ತು ಬಂತು! ಅವನಿಗೆ ನಂಬಿಕೆ ಬಂತು. ಆಮೇಲೆ ಹೋದದ್ದು ಒಂಬತ್ತು ಸಾವಿರ. ಮೊದಲು ಹೀಗೇ ಮೋಸ ಮಾಡಲು 'ರಿಕ್ವೆಸ್ಟ್' ಕಳಿಸುತ್ತಿದ್ದರು. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹಾಗೆ ಹಣ ಕೇಳಿ ಕಳಿಸುವುದನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಕ್ಯೂಆರ್ ಆಟ ಮಾತ್ರ ನಿಂತಿಲ್ಲ.

ನಿಜವಾದ ನೌಕಾಪಡೆಯವರಿಗೂ ಮಾರಿದ್ದೇನೆ. ಗಂಡ ಹೆಂಡತಿ ಇಬ್ಬರೂ ನೂರು ಕಿಲೋಮೀಟರಿಗಿಂತ ಜಾಸ್ತಿ ದೂರ ಬಂದರು. ಮಂಚವನ್ನು ಬೋರಲು ಹಾಕಿಸಿ ಕುಟ್ಟೆ ಹಿಡಿದಿದೆಯಾ ಅಂತ ನೋಡಿದರು. ಒಂದು ತಾಸು ಚೌಕಾಶಿ ಮಾಡಿದರು. ನಿಜವಾದ ಗಿರಾಕಿ ಚೌಕಾಶಿ ಮಾಡುತ್ತಾನೆ, ನೋಡಿ. ಪಂಪು ಎಷ್ಟು ಎಚ್‌ಪಿ ಅಂತಲೂ ಕೇಳದೆ ಹೇಳಿದ ರೇಟಿಗೆ ಒಪ್ಪಿದವನ ಮೇಲೆ ನನಗೆ ಈಗ ಮೊದಲು ಅನುಮಾನ.

ತೂಗುಮಂಚದ ಕತೆ ಬೇರೆ. ಅದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. 22,000 ಅಂತ ಹಾಕಿದ್ದೆ. ಒಬ್ಬ ಫೋನ್ ಮಾಡಿ, "ನನ್ನ ತಂಗಿ, ಭಾವ ಹುಬ್ಬಳ್ಳಿಯಿಂದ ಬರುತ್ತಾರೆ. ಅವರ ಹೊಸ ಮನೆಗೆ ಉಡುಗೊರೆ. ಅವರ ಎದುರು ರೇಟಿನ ಮಾತು ಬೇಡ, ಅವರು ನೋಡಿ ಒಪ್ಪಿದ ತಕ್ಷಣ ನಾನೇ ಹಣ ಹಾಕುತ್ತೇನೆ" ಅಂದ. ಚಂದದ ಮಾತು. ಭಾನುವಾರ ಗಂಡ ಹೆಂಡತಿ ಪಿಕಪ್ ಮಾಡಿಕೊಂಡು ಬಂದೇ ಬಂದರು. ಮಂಚ ನೋಡಿದರು, ಸರಪಳಿ ಎಳೆದು ನೋಡಿದರು, ಆಚೆ ಗುಡ್ಡ ಹತ್ತಿ ಫೋನಿನಲ್ಲಿ ಮಾತಾಡಿ ಬಂದರು. ಆಮೇಲೆ ಮಂಚ ಬಿಚ್ಚಲು ಶುರುಮಾಡಿದರು.

"ಹಣ ಇನ್ನೂ ಬಂದಿಲ್ಲವಲ್ಲ" ಅಂದೆ.

"ಹಂಗಂದ್ರ ಹೆಂಗ್ರೀ? ಈಗಷ್ಟ ನಿಮ್ಮ ತಮ್ಮಗ ರೊಕ್ಕ ಹಾಕೀವಲ್ರೀ, ಹನ್ನೆರಡು ಸಾವಿರ!"

ನನಗೆ ತಮ್ಮನೇ ಇಲ್ಲ. ಅವರ ಮೊಬೈಲಿನಲ್ಲಿ ಜಾಹೀರಾತು ತೋರಿಸಿದರು. ನನ್ನದೇ ಫೋಟೋಗಳು, ನನ್ನದೇ ಜಗಲಿ, ಮೂಲೆಯಲ್ಲಿ ಆಯಿಯ ಕವಳದ ತಟ್ಟೆ. ರೇಟು ಮಾತ್ರ 12,000. ಮನೆಯಲ್ಲಿರುವವನು ನನ್ನ ಅಣ್ಣ, ಅವನ ಹತ್ತಿರ ದುಡ್ಡಿನ ಮಾತು ಎತ್ತಬೇಡಿ, ಪಾಲಿನ ಜಗಳ ಇದೆ ಅಂತ ಅವರಿಗೆ ಹೇಳಿದ್ದನಂತೆ. ನಮ್ಮಿಬ್ಬರ ಬಾಯಿಯನ್ನೂ ಒಬ್ಬನೇ ಮುಚ್ಚಿಸಿ, ನಡುವೆ ಕೂತು ಹಣ ಎತ್ತಿಕೊಂಡ. ಅವರ ಪಾಲಿಗೆ ನಾನೇ ಕಳ್ಳ, ಅದೂ ಸಹಜವೇ. ಮಾತು ಜೋರಾಯಿತು, ಆಕೆ ಅತ್ತಳು. ಕೊನೆಗೆ ಅವರ ಕರೆ ಪಟ್ಟಿಯಲ್ಲಿದ್ದ ನಂಬರೂ ನನ್ನ ಪಟ್ಟಿಯಲ್ಲಿದ್ದ ನಂಬರೂ ಒಂದೇ ಅಂತ ಕಂಡಾಗ ಎಲ್ಲರೂ ಸುಮ್ಮನಾದೆವು. ಅವರನ್ನು ಮಾವಿನ ಮರದ ಬುಡಕ್ಕೆ ಕರೆದುಕೊಂಡು ಹೋಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಹಣ ಮುಂದಿನ ಖಾತೆಗೆ ದಾಟುವ ಮೊದಲು ಹೇಳಿದರೆ ತಡೆಯಲು ಸಾಧ್ಯ, ಅದಕ್ಕೇ ಅವಸರ. ಮಂಚ ಕೊಡಲಿಲ್ಲ, ಕೊಡಲು ಆಗುವಂತಿರಲಿಲ್ಲ. ಕಷಾಯ ಕುಡಿದು ಖಾಲಿ ಪಿಕಪ್ಪಿನಲ್ಲಿ ಹೋದರು.

ಅಂದಿನಿಂದ ಯಾರೇ ಬರಲಿ, ಕುಡಿಯಲು ಆಸರಿಗೆ ಕೊಡುವ ಮೊದಲೇ ಎರಡು ಪ್ರಶ್ನೆ ಕೇಳುತ್ತೇನೆ. ಯಾರ ಹತ್ತಿರ ಮಾತಾಡಿದ್ರಿ? ಎಷ್ಟಕ್ಕೆ? ಫೋಟೋ ತೆಗೆಯುವಾಗ ರೇಟನ್ನೂ ನನ್ನ ನಂಬರಿನ ಕೊನೆಯ ನಾಲ್ಕು ಅಂಕಿಯನ್ನೂ ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು ಸಾಮಾನಿನ ಮೇಲೇ ಇಡುತ್ತೇನೆ.

ಇಷ್ಟೆಲ್ಲ ಆದರೂ ನಾನು ನಿಜವಾಗಿ ಪೆಟ್ಟು ತಿಂದದ್ದು ಹಣ ಬಂದ ವ್ಯವಹಾರದಲ್ಲಿ. ಡೀಸೆಲ್ ಪಂಪು, 26,000. ಇಬ್ಬರು ಹುಡುಗರು ಬಂದರು. "ನಮ್ಮ ದಿನದ ಲಿಮಿಟ್ ಮುಗಿದಿದೆ, ಫ್ರೆಂಡ್ ಹಾಕುತ್ತಾನೆ" ಅಂದರು. ಆ ಲಿಮಿಟ್ ಮಾತು ಪೂರ್ತಿ ಸುಳ್ಳೇನಲ್ಲ, ಯುಪಿಐಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷ, ಹೊಸದಾಗಿ ಶುರುಮಾಡಿದವರಿಗೆ ಮೊದಲ 24 ತಾಸು ಐದೇ ಸಾವಿರ. ಹಣ ಬಂತು. ಬ್ಯಾಂಕ್ ಆ್ಯಪಿನಲ್ಲೇ ನೋಡಿದೆ. ಪಂಪು ಹೋಯಿತು, ನಾನು ಮರೆತೂ ಬಿಟ್ಟೆ.

ಮೂರು ತಿಂಗಳ ಮೇಲೆ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೆ ಕೂಲಿ ಕೊಡಲು ದುಡ್ಡು ತೆಗೆಯಹೋದರೆ ಖಾತೆ ಅಲುಗಾಡುವುದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ, ಬೇರೆ ರಾಜ್ಯದ ಸೈಬರ್ ಪೊಲೀಸರು ತಡೆ ಹಾಕಿಸಿದ್ದಾರೆ ಅಂದರು. ಆಗಿದ್ದು ಇಷ್ಟು. ಯಾರೋ ಪಾಪದವರಿಗೆ ಮೋಸ ಮಾಡಿ ಹೊಡೆದ ಹಣದಲ್ಲಿ ನನ್ನ ಪಂಪಿನ ಬೆಲೆ ಬಂದಿತ್ತು. ಹಣ ಕಳೆದುಕೊಂಡವರು ದೂರು ಕೊಟ್ಟರು. ಪೊಲೀಸರು ಆ ಹಣ ಯಾವ ಯಾವ ಖಾತೆ ದಾಟಿತು ಅಂತ ಹಿಂಬಾಲಿಸುತ್ತ ನನ್ನಲ್ಲಿಗೆ ಬಂದರು. ಅವರ ಪಟ್ಟಿಯಲ್ಲಿ ನಾನೂ ಒಬ್ಬ. ಕಳ್ಳನಿಗೆ ಪಂಪು ಸಿಕ್ಕಿತು, ಅದನ್ನು ಮಾರಿ ನಗದು ಮಾಡಿಕೊಂಡಿರುತ್ತಾನೆ. ಸಾಮಾನು ಸ್ವತಃ ಬಂದು ಒಯ್ಯುವ ವ್ಯಾಪಾರ ಅವರಿಗೆ ಬೇಕಾಗುವುದೇ ಇದಕ್ಕೆ. ವಿಳಾಸ ಕೊಡಬೇಕಾಗಿಲ್ಲ.

ಪಂಪು ಮಾರಿದ್ದಕ್ಕೆ ಏನು ದಾಖಲೆ ಇದೆ ಅಂತ ಕೇಳಿದರು. ನನ್ನ ಹತ್ತಿರ ಇದ್ದದ್ದು ಹಳೇ ಜಾಹೀರಾತಿನ ಒಂದು ಸ್ಕ್ರೀನ್‌ಶಾಟ್, ಮತ್ತೆ ಪುಣ್ಯಕ್ಕೆ ಮಗ ವಾಟ್ಸಾಪ್ ಸ್ಟೇಟಸ್‌ಗೆ ತೆಗೆದಿದ್ದ ಒಂದು ಫೋಟೋ. ಅದರಲ್ಲಿ ಗಾಡಿಯ ಹಿಂದೆ ಪಂಪು, ಪಕ್ಕದಲ್ಲಿ ಆ ಇಬ್ಬರು, ಗಾಡಿ ನಂಬರ್ ಪೂರ್ತಿ. ಅದನ್ನೇ ಅರ್ಜಿಗೆ ಸೇರಿಸಿ ತನಿಖೆ ಮಾಡುವ ಠಾಣೆಗೂ ಬ್ಯಾಂಕಿಗೂ ಮತ್ತೆ ಮತ್ತೆ ಕಳಿಸಿದೆ. ಪೂರ್ತಿ ಖಾತೆಯ ತಡೆ 26,000ಕ್ಕೆ ಮಾತ್ರ ಅಂತ ಇಳಿಯಲು ಒಂದು ತಿಂಗಳು. ಅದೂ ತೆರವಾಗಲು ಇನ್ನೂ ನಾಲ್ಕು. ಆ ಸಲ ಕೂಲಿಗೆ ಸಾಲ ಮಾಡಿದೆ.

ಇಂಗ್ಲೆಂಡಿನಲ್ಲಿರುವ ಮಾವನ ಮಗಳಿಗೆ ಇದನ್ನು ಹೇಳಿದರೆ ಅವಳು ನಕ್ಕಳು. ಅಲ್ಲಿ ಆನ್‌ಲೈನಿನಲ್ಲಿ ಹಣ ಕಳಿಸುವ ಪೇಪಾಲ್‌ನಲ್ಲಿ ಮಾರುವವರಿಗೆ ರಕ್ಷಣೆ ಸಿಗಬೇಕಾದರೆ ಸಾಮಾನು ತಲುಪಿದ್ದಕ್ಕೆ ದಾಖಲೆ ಬೇಕು, ಕೈಯಾರೆ ಕೊಟ್ಟ ಸಾಮಾನಿಗೆ ಸಾಮಾನ್ಯವಾಗಿ ಆ ರಕ್ಷಣೆ ಇಲ್ಲ. ತಗೊಂಡವರು 180 ದಿನದವರೆಗೆ ತಕರಾರು ಎತ್ತಬಹುದು. ಅದಕ್ಕೇ ಅವಳು ಸೋಫಾ ಮಾರುವಾಗ ನಗದು ಮಾತ್ರ ತಗೊಳ್ಳುತ್ತಾಳಂತೆ.

ನಗದು ನನಗೂ ಇಷ್ಟವೇ. 500ರ ನೋಟನ್ನು ಓರೆ ಮಾಡಿದರೆ ನಡುವಿನ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು. ಆಯಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾಳೆ, ಗಿರಾಕಿಗೆ ಮುಜುಗರ ಆದರೂ ಅವಳಿಗೆ ಇಲ್ಲ. ಆದರೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ, ಆದಾಯ ತೆರಿಗೆ ಕಾನೂನಿದೆ. ಹಳೇ ಜೀಪು, ಪವರ್ ಟಿಲ್ಲರ್ ಮಾರುವವರು ನೆನಪಿಡಬೇಕು. ಚೆಕ್ ನಾನು ತಗೊಳ್ಳುವುದೇ ಇಲ್ಲ. "ನಿಮ್ಮ ಖಾತೆಗೆ ಚೆಕ್ ಕಟ್ಟಿದ್ದೇನೆ" ಅಂತ ಚಲನ್ ಫೋಟೋ ಕಳಿಸುವವರಿದ್ದಾರೆ. ಚೆಕ್ ಕಟ್ಟಿದ್ದು ಬೇರೆ, ಪಾಸಾಗಿದ್ದು ಬೇರೆ. ಬೌನ್ಸ್ ಆದರೆ ಕೇಸು ಹಾಕಬಹುದು, ಹೌದು. ಸಾಮಾನು ಎಲ್ಲಿ ಹೋಯಿತು ಅಂತ ಮಾತ್ರ ನಾವೇ ಹುಡುಕಬೇಕು.

ಈಗ ನಾನು ಮಾಡುವುದು ಹೀಗೆ. ಮಾರಾಟದ ಹಣಕ್ಕೇ ಒಂದು ಬೇರೆ ಖಾತೆ ಮಾಡಿದ್ದೇನೆ, ಅಡಿಕೆ ದುಡ್ಡು ಅದಕ್ಕೆ ಸೋಕುವುದಿಲ್ಲ. ನಾಳೆ ಮತ್ತೆ ತಡೆ ಬಿದ್ದರೆ ಅದೊಂದಕ್ಕೆ ಬೀಳಲಿ. ಬರುವ ಮುನ್ನಾದಿನ 500 ರೂಪಾಯಿ ಮುಂಗಡ ಹಾಕಿ ಅನ್ನುತ್ತೇನೆ. ದುಡ್ಡಿನ ಆಸೆಗಲ್ಲ, ಯಾರ ಖಾತೆಯಿಂದ ಬರುತ್ತದೆ ಅಂತ ಹೆಸರು ನೋಡಲು. ಮಾರನೇ ದಿನ ಬಂದವರ ಗುರುತಿನ ಚೀಟಿಯಲ್ಲಿ ಅದೇ ಹೆಸರು ಇರಬೇಕು, ಉಳಿದ ಹಣವೂ ಅದೇ ಖಾತೆಯಿಂದ ಬರಬೇಕು. ಫ್ರೆಂಡು, ಭಾವ, ಶೇಠು ಯಾರೂ ಬೇಡ. ಇದಕ್ಕೆ ಸಿಟ್ಟು ಮಾಡಿಕೊಂಡು ಹೋದವರಿದ್ದಾರೆ, ಒಳ್ಳೆಯ ಗಿರಾಕಿಗಳೂ ಅವರಲ್ಲಿ ಇದ್ದಿರಬಹುದು.

ನೋಡಿ ಒಪ್ಪಿದ ಮೇಲೆ, ಸಾಮಾನು ಮುಟ್ಟುವ ಮೊದಲು, ಇಬ್ಬರೂ ಮಾವಿನ ಮರದ ಬುಡಕ್ಕೆ ನಡೆಯುತ್ತೇವೆ. ಅವರ ಪರದೆಯನ್ನು ನಾನು ನೋಡುವುದೇ ಇಲ್ಲ. ಎಸ್ಸೆಮ್ಮೆಸ್ಸನ್ನೂ ನಂಬುವುದಿಲ್ಲ, ಹತ್ತಂಕಿ ನಂಬರಿನಿಂದ ಬ್ಯಾಂಕಿನ ಧಾಟಿಯಲ್ಲೇ ಬರೆದು ಕಳಿಸಿದ್ದನ್ನು ನೋಡಿದ್ದೇನೆ. ನನ್ನ ಬ್ಯಾಂಕಿನ ಆ್ಯಪ್ ತೆರೆದು, ಜಮೆ ಆದದ್ದು ಕಂಡರೆ ಮುಗಿಯಿತು. ಒಮ್ಮೆ ಅವರ ಖಾತೆಯಿಂದ ಹಣ ಹೋಗಿ ನನಗೆ ಬರದೆ ನಡುವೆ ಸಿಕ್ಕಿಹಾಕಿಕೊಂಡಿತು. ಸಿದ್ದಾಪುರದ ಗಿರಾಕಿ, ಒಳ್ಳೆಯ ಮನುಷ್ಯ, ಮುಖ ಸಣ್ಣ ಮಾಡಿಕೊಂಡರು. ಹಾಗೆ ಸಿಕ್ಕಿಕೊಂಡ ಹಣ ಮಾರನೇ ದಿನದೊಳಗೆ ಅವರಿಗೇ ವಾಪಸಾಗಬೇಕು, ತಡವಾದರೆ ಬ್ಯಾಂಕು ದಿನಕ್ಕೆ 100 ರೂಪಾಯಿ ಕೊಡಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಅದನ್ನು ಹೇಳಿ, ಊಟ ಹಾಕಿ, ಸಾಮಾನು ಕೊಡದೆ ಕಳಿಸಿದೆ. ಎರಡು ದಿನ ಬಿಟ್ಟು ನಗದು ಹಿಡಿದುಕೊಂಡು ಮತ್ತೆ ಬಂದರು.

ಆಮೇಲೆ ಕಾರ್ಬನ್ ಇಟ್ಟು ಎರಡು ಪ್ರತಿ ಬರೆಯುತ್ತೇನೆ. ಸಾಮಾನು, ಬೆಲೆ, ತಾರೀಕು, ಹಣ ಬಂದದ್ದರ ಗುರುತಾದ 12 ಅಂಕಿಯ ಯುಟಿಆರ್ ನಂಬರ್, ಗಾಡಿ ನಂಬರ್, ಇಬ್ಬರ ಸಹಿ. ಗಾಡಿ, ಸಾಮಾನು, ತಗೊಂಡವರು ಒಟ್ಟಿಗೆ ಇರುವ ಒಂದು ಫೋಟೋ. ಆಮೇಲಷ್ಟೇ ದಣಪೆ ತೆಗೆಯುವುದು.

ಆ ಸುಲಿಯುವ ಮಷಿನನ್ನು ಕೊನೆಗೆ ತಗೊಂಡದ್ದು ಆ ಸಿದ್ದಾಪುರದವರೇ. 36,000ಕ್ಕೆ. ನಗದನ್ನು ಜಗಲಿಯ ಮೇಲೆ ಎಣಿಸಿ ಇಟ್ಟರು. ಆಯಿ ಒಂದು ನೋಟನ್ನು ಎತ್ತಿ, ಓರೆ ಮಾಡಿ, ದಾರ ನೋಡಿ, ಕೆಳಗಿಟ್ಟು, ಇನ್ನೊಂದನ್ನು ಎತ್ತಿಕೊಂಡಳು. ಎಪ್ಪತ್ತೆರಡು ನೋಟು. ಗಾಡಿಯವನು ಹಗ್ಗ ಹಿಡಿದು ಕಾಯುತ್ತ ನಿಂತಿದ್ದ.