ಪ್ಲ್ಯಾನ್ ಓದುವಾಗ ಮೊದಲು ಬಚ್ಚಲು ಎಣಿಸಿ

ದಾವಣಗೆರೆಯ ಹಳೇ ಪೇಟೆಯಲ್ಲಿ ಒಂದು ಮಾಳಿಗೆ ಮನೆ ಕೆಡವಿದರೆ ಸಾಕು, ಮರುದಿನದಿಂದ ಎದುರುಮನೆ ಕಟ್ಟೆಯ ಮೇಲೆ ಒಂದೇ ಮಾತು: 'ಏನು ಕಟ್ತಾರಂತೆ?' ಮನೆ ಅಂತಾರೆ ಒಬ್ಬರು. ಪಿ.ಜಿ. ಅಂತಾರೆ ಇನ್ನೊಬ್ಬರು. ಇಲ್ಲ, ಕೆಳಗೆ ಅಂಗಡಿ ಮೇಲೆ ಫ್ಲ್ಯಾಟು ಅಂತ ಮೂರನೆಯವರು. ಉತ್ತರ ಕಾರ್ಪೊರೇಷನ್‌ನ ಫೈಲಿನಲ್ಲಿ ಮಡಚಿಟ್ಟ ಹಾಳೆಯಲ್ಲಿ, ಅಂದರೆ ಕಟ್ಟಡದ ಪ್ಲ್ಯಾನ್‌ನಲ್ಲಿ ಇರುತ್ತದೆ. ಅದನ್ನು ಓದಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ಒಂದು ಟೇಪು, ಮೊಬೈಲಿನ ಕ್ಯಾಲ್ಕುಲೇಟರ್, ಅರ್ಧ ದಿನದ ಬಿಡುವು ಇದ್ದರೆ ಆಯಿತು. ಮನೆ ಕೊಳ್ಳುವವರಿಗೂ ಪಕ್ಕದ ಮನೆಯವರಿಗೂ ಇದು ಬೇಕಾದ ವಿದ್ಯೆಯೇ.

ಹಾಳೆ ಕೈಗೆ ಬರಲಿ

ಊರೊಳಗಿನ ಕಟ್ಟಡಕ್ಕೆ ಲೈಸೆನ್ಸ್ ಕೊಡುವುದು ಮಹಾನಗರ ಪಾಲಿಕೆ, 1976ರ ಪೌರ ನಿಗಮಗಳ ಕಾಯ್ದೆಯ ಪ್ರಕಾರ. ಬಡಾವಣೆ ನಕ್ಷೆ, ಭೂಬಳಕೆ ನೋಡುವುದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಮ್ಮ ಬಾಯಲ್ಲಿ ದೂಡಾ. ಕೊಳ್ಳುವವರಾದರೆ ಮಾಲೀಕರ ಬಳಿಯೇ ಮಂಜೂರಾದ ಪ್ಲ್ಯಾನ್ ಕೇಳಿ. ಸೀಲು, ಸಹಿ, ಲೈಸೆನ್ಸ್ ನಂಬರು, ಅವಧಿ ಮುಗಿಯುವ ತಾರೀಕು ಇರಬೇಕು. ಬಣ್ಣದ ಬ್ರೋಷರ್ ತೋರಿಸಿದರೆ ಚೆನ್ನಾಗಿದೆ ಎಂದು ವಾಪಸ್ ಕೊಡಿ. ಅದು ಪ್ಲ್ಯಾನ್ ಅಲ್ಲ.

ಪಕ್ಕದ ಮನೆಯವರಿಗೆ ಮಾಹಿತಿ ಹಕ್ಕಿನ ದಾರಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಊರಿನ ಪುರಾಣ ಬರೆಯಬೇಡಿ. ಡೋರ್ ನಂಬರ್ ಹಾಕಿ, 'ಮಂಜೂರಾದ ನಕ್ಷೆ ಮತ್ತು ಲೈಸೆನ್ಸ್ ಪ್ರತಿ ಕೊಡಿ' ಎಂದರೆ ಮುಗಿಯಿತು.

ನೆಲ ಯಾವ ಬಣ್ಣದ್ದು?

ಮನೆ ನೋಡುವ ಮೊದಲು ನೆಲ ನೋಡಿ. ಊರಿನ ಯಾವ ಜಾಗ ಯಾವುದಕ್ಕೆ ಎಂದು ತೋರಿಸುವ ಮಾಸ್ಟರ್ ಪ್ಲ್ಯಾನ್‌ನಲ್ಲಿ ವಾಸದ ಜಾಗ ಹಳದಿ, ವ್ಯಾಪಾರ ನೀಲಿ, ಕೈಗಾರಿಕೆ ನೇರಳೆ, ಪಾರ್ಕು ಹಸಿರು. ಹತ್ತಿ ಗಿರಣಿಗಳಿಂದ ಬೆಳೆದ ಊರು ನಮ್ಮದು. ಗಿರಣಿ, ಗೋಡೌನ್ ಇದ್ದ ಜಾಗದಲ್ಲಿ ಮನೆ ಏಳುತ್ತಿದ್ದರೆ ನೇರಳೆ ಹಳದಿಯಾಗಿದೆಯಾ ಎಂದು ಕೇಳಲೇಬೇಕು.

ಇಲ್ಲಿ ಒಂದು ಗೊಂದಲ ಬಹಳ ಜನಕ್ಕಿದೆ. 'ಅಲಿನೇಷನ್ ಆಗಿದೆ ಸಾರ್' ಎಂದರೆ ಎಲ್ಲವೂ ಆಯಿತು ಅಂದುಕೊಳ್ಳುತ್ತೇವೆ. ಅಲಿನೇಷನ್ ಅಂದರೆ ಹೊಲವನ್ನು ಕೃಷಿಯೇತರ ಮಾಡುವುದು, ಅದು 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್. ಮಾಸ್ಟರ್ ಪ್ಲ್ಯಾನ್‌ನ ಬಣ್ಣ ಬದಲಿಸುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ. ಬಡಾವಣೆ ನಕ್ಷೆಗೆ ಒಪ್ಪಿಗೆ ಅದೇ ಕಾಯ್ದೆಯ 17. ಮೂರೂ ಬೇರೆ ಕಾಗದ. ಒಂದನ್ನು ತೋರಿಸಿ ಇನ್ನೆರಡನ್ನು ನುಂಗುವುದು ಹಳೆಯ ಆಟ. ಖಾತೆಯದ್ದೂ ಅಷ್ಟೇ. 2025ರಲ್ಲಿ ಅಭಿಯಾನ ಮಾಡಿ ಅನಧಿಕೃತ ಆಸ್ತಿಗಳಿಗೂ ಬಿ ಖಾತೆ ಕೊಟ್ಟರು ನಿಜ. ಆದರೆ ಖಾತೆ ಸಿಕ್ಕಿತೆಂದು ಪ್ಲ್ಯಾನ್ ಮಂಜೂರಾದಂತಲ್ಲ.

ಟೇಪು ಹಿಡಿದು ಬೀದಿಗೆ ಬನ್ನಿ

ಹಾಳೆಯ ಮೂಲೆಯಲ್ಲಿ ಸೈಟಿನ ಚಿತ್ರ ಇರುತ್ತದೆ. ಅದರಲ್ಲಿ ರಸ್ತೆಯ ಅಗಲ ಬರೆದಿರುತ್ತಾರೆ. ನಿಜವಾದ ರಸ್ತೆಗೆ ಹೋಗಿ ಅಳೆಯಿರಿ. ಹಾಳೆಯಲ್ಲಿ 9 ಮೀಟರ್ ಇದ್ದು, ನಿಮ್ಮ ಟೇಪು 20 ಅಡಿಗೇ ಗೋಡೆ ಮುಟ್ಟಿದರೆ ಅಲ್ಲೇ ನಿಲ್ಲಿ. 9 ಮೀಟರ್ ಅಂದರೆ ಹೆಚ್ಚುಕಡಿಮೆ 30 ಅಡಿ. ಎಷ್ಟು ಎತ್ತರ ಕಟ್ಟಬಹುದು, ಎಷ್ಟು ಅಡಿ ಕಟ್ಟಬಹುದು ಎಂಬುದು ಸೈಟಿನ ಅಳತೆ ಮತ್ತು ರಸ್ತೆಯ ಅಗಲದ ಮೇಲೆಯೇ ನಿಂತಿದೆ. ಚೌಕಿಪೇಟೆ, ಮಂಡಿಪೇಟೆ ಕಡೆಯ ಓಣಿಗಳಲ್ಲಿ ಇದು ಸುಮ್ನೆ ಬಿಡುವ ವಿಷಯ ಅಲ್ಲವೇ ಅಲ್ಲ.

ಆಮೇಲೆ ಎಫ್.ಎ.ಆರ್., ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎನ್ನುವ ಅಂಕಿ. ಹೆಸರು ಕೇಳಿ ಹೆದರಬೇಡಿ, ಒಂದು ಗುಣಾಕಾರ ಅಷ್ಟೇ. 30-40 ಸೈಟು ಅಂದರೆ 1200 ಚದರ ಅಡಿ. ಎಫ್.ಎ.ಆರ್. 1.75 ಎಂದುಕೊಳ್ಳಿ. ಎಲ್ಲ ಅಂತಸ್ತು ಸೇರಿ 2100 ಅಡಿ ಕಟ್ಟಬಹುದು. ಹಾಳೆಯಲ್ಲಿ 900 ಅಡಿಯ ಮೂರು ಅಂತಸ್ತು ಇದ್ದರೆ 2700 ಆಯಿತು. ಹೆಚ್ಚಿನ 600 ಅಡಿ ಎಲ್ಲಿಂದ ಬಂತು? ಸುತ್ತ ಬಿಡುವ ಜಾಗ, ಅಂದರೆ ಸೆಟ್‌ಬ್ಯಾಕ್, ನಾಲ್ಕೂ ಕಡೆ ಎಷ್ಟೆಂದು ಗುರುತು ಹಾಕಿಕೊಳ್ಳಿ. ಸಜ್ಜ, ಮೆಟ್ಟಿಲು, ಬಾಲ್ಕನಿ ಆ ಜಾಗಕ್ಕೆ ಚಾಚಿದೆಯಾ ನೋಡಿ. ಮೆಟ್ಟಿಲು ಚಾಚುವುದೇ ಜಾಸ್ತಿ.

ಕೋಣೆಯ ಹೆಸರು ನಂಬಬೇಡಿ

ನನ್ನ ಲೆಕ್ಕದಲ್ಲಿ ಪ್ಲ್ಯಾನ್‌ನ ಗುಟ್ಟೆಲ್ಲ ಇಲ್ಲೇ ಇರುತ್ತದೆ. ಸ್ನೇಹಿತರೊಬ್ಬರು ಕೊಳ್ಳಬೇಕೆಂದಿದ್ದ ಮನೆಯ ಪ್ಲ್ಯಾನ್ ತಂದು ನನ್ನ ಮೇಜಿನ ಮೇಲೆ ಹರಡಿದರು. ಮೇಲೆ ದಪ್ಪಕ್ಷರದಲ್ಲಿ 'ಒಂದು ಕುಟುಂಬದ ವಾಸದ ಮನೆ' ಎಂದಿತ್ತು. ಮೊದಲ ಮಹಡಿಯಲ್ಲಿ ಎರಡು ಬೆಡ್‌ರೂಮು, ಒಂದು ಸ್ಟಡಿ, ಒಂದು ಡ್ರೆಸ್, ಒಂದು ಸ್ಟೋರ್, ಒಂದು ಪೂಜೆ. ಕಾಪಿಯ ಲೋಟ ಪಕ್ಕಕ್ಕಿಟ್ಟು ಬಚ್ಚಲು ಎಣಿಸಿದೆ. ಆರು. ಸ್ಟೋರಿಗೂ ಬಚ್ಚಲು, ಪೂಜೆ ಕೋಣೆಗೂ ಬಚ್ಚಲು! ದೇವರ ಮನೆಗೆ ಅಟ್ಯಾಚ್ಡ್ ಬಾತ್‌ರೂಮ್ ಯಾರು ಇಡುತ್ತಾರೆ, ಅಲ್ವಾ? ಆರೂ ಬಾಗಿಲು ಒಂದೇ ಪ್ಯಾಸೇಜಿಗೆ ತೆರೆಯುತ್ತಿದ್ದವು. ಅದು ಮನೆಯಲ್ಲ, ಆರು ರೂಮಿನ ಪಿ.ಜಿ. ಮೆಡಿಕಲ್, ಎಂಜಿನಿಯರಿಂಗ್ ಓದಲು ಬರುವ ಹುಡುಗರು ನಮ್ಮೂರಲ್ಲಿ ಕಡಿಮೆಯೇ? ಪಿ.ಜಿ. ಮಾಡುವುದು ತಪ್ಪಲ್ಲ. ಮನೆ ಎಂದು ಬರೆದು ಪಿ.ಜಿ. ಮಾಡಿದರೆ ನೀರು, ಚರಂಡಿ, ಪಾರ್ಕಿಂಗ್ ಲೆಕ್ಕವೆಲ್ಲ ಒಂದೇ ಕುಟುಂಬಕ್ಕೆ ಹಾಕಿರುತ್ತದೆ. ಅಲ್ಲಿದೆ ತಾಪತ್ರಯ.

ಆದ್ದರಿಂದ ಹೆಸರು ಮರೆತು ಎಣಿಸಿ. ಬಚ್ಚಲು ಎಷ್ಟು, ಅಡುಗೆಮನೆ ಎಷ್ಟು, ಹೊರಗೆ ತೆರೆಯುವ ಬಾಗಿಲು ಎಷ್ಟು. 'ಯುಟಿಲಿಟಿ' ಎಂದು ಬರೆದ ಜಾಗದಲ್ಲಿ ಸಿಂಕ್ ಮತ್ತು ಕಟ್ಟೆ ಇದ್ದರೆ ಅದೂ ಅಡುಗೆಮನೆಯೇ.

ಇನ್ನು ಅಳತೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ಒಂದು ವಾಸದ ಕೋಣೆಯಾದರೂ ಕನಿಷ್ಠ 9.5 ಚದರ ಮೀಟರ್ ಇರಬೇಕು, ಅಂದರೆ ಸುಮಾರು 102 ಚದರ ಅಡಿ. ಅಗಲ 2.4 ಮೀಟರ್, ಎತ್ತರ 2.75 ಮೀಟರ್. ಮೆಟ್ಟಿಲಿನ ಒಂದು ಹಂತ 19 ಸೆಂಟಿಮೀಟರಿಗಿಂತ ಎತ್ತರ ಬೇಡ, ಕಾಲಿಡುವ ಜಾಗ 25 ಸೆಂಟಿಮೀಟರಿಗಿಂತ ಕಡಿಮೆ ಬೇಡ. ಮಂಡಿನೋವಿನ ಅಜ್ಜಿ ಇರುವ ಮನೆಯವರು ಇದನ್ನು ಎರಡು ಸಲ ನೋಡಿ.

ಪ್ರತಿ ಕೋಣೆಯ ಕಿಟಕಿ ಎಲ್ಲಿಗೆ ತೆರೆಯುತ್ತದೆ ಎಂದು ಬೆರಳಿಟ್ಟು ನೋಡಿ. ಚೌಕದೊಳಗೆ ಗುಣಾಕಾರದ ಗುರುತಿನಂತೆ ಎರಡು ಗೆರೆ ಇದ್ದರೆ ಅದು ಆಕಾಶಕ್ಕೆ ತೆರೆದ ಜಾಗ. ಇದರಲ್ಲಿ ನಾನೂ ಬಿದ್ದಿದ್ದೇನೆ. ಹಳೇ ಮನೆಯೊಂದನ್ನು ನಾಲ್ಕು ಭಾಗ ಮಾಡಿದ ಕಡೆ ಬಾಡಿಗೆಗಿದ್ದೆ. ಪ್ಲ್ಯಾನ್‌ನಲ್ಲಿ ನಡುವೆ ಚೆಂದದ ಚೌಕ ಇತ್ತು. ಮಾಲೀಕರು ಅದರ ಮೇಲೆ ಫೈಬರ್ ಶೀಟು ಹೊದಿಸಿ, ಕೆಳಗೆ ವಾಷಿಂಗ್ ಮಷಿನ್ ಇಡಿಸಿದ್ದರು. ಮೂರು ಮನೆಯ ಒಗ್ಗರಣೆ ಹೊಗೆ ನಮ್ಮ ಮಲಗುವ ಕೋಣೆಗೆ. ಯಾರ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ, ಯಾರ ಮನೆಯಲ್ಲಿ ಉಪ್ಪಿಟ್ಟು ಎಂದು ಕಣ್ಣು ಬಿಡುವ ಮೊದಲೇ ಗೊತ್ತಾಗುತ್ತಿತ್ತು. ಹಾಳೆ ನೋಡಿದ್ದೆ, ತಲೆ ಎತ್ತಿ ನೋಡಿರಲಿಲ್ಲ.

ಹಳೇ ಗೋಡೆಯ ಮೇಲೆ ಹೊಸ ಮಹಡಿ

ಹಳೇ ಮನೆಯನ್ನು ಬದಲಿಸುವ ಪ್ಲ್ಯಾನ್‌ನಲ್ಲಿ ಬಣ್ಣಕ್ಕೆ ಅರ್ಥ ಇದೆ. ಕೆಡವುವ ಭಾಗ ಹಳದಿ, ಹೊಸದಾಗಿ ಕಟ್ಟುವುದು ಕೆಂಪು, ಇದ್ದದ್ದು ಕಪ್ಪು ಗೆರೆ. ಈಗ ಒಂದು ಕೆಲಸ ಮಾಡಿ. ಕೆಳಮಹಡಿಯ ಹಾಳೆಯ ಮೇಲೆ ಮೇಲ್ಮಹಡಿಯ ಹಾಳೆ ಇಟ್ಟು, ಮೂಲೆಗೆ ಮೂಲೆ ಕೂಡಿಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಮೇಲಿನ ಗೋಡೆಯ ಕೆಳಗೆ ಗೋಡೆಯೋ ಕಾಲಂ ಅಥವಾ ಬೀಮೋ ಇರಬೇಕು. ಕೆಳಗೆ ಖಾಲಿ ಹಾಲ್ ಕಂಡರೆ ಆ ಭಾರ ಯಾರು ಹೊರುತ್ತಾರೆ ಎಂದು ಕೇಳಿ. ಮಣ್ಣಿನ ಗೋಡೆ, ಜಂತಿ-ತೊಲೆಯ ಮಾಳಿಗೆ ಒಂದು ಸಂಸಾರವನ್ನು ತಲೆಮಾರುಗಟ್ಟಲೆ ತಂಪಾಗಿ ಇಟ್ಟಿರಬಹುದು. ಆರ್‌ಸಿಸಿ ಸ್ಲ್ಯಾಬು, ಸಿಂಟೆಕ್ಸ್ ಟ್ಯಾಂಕು ಹೊರಲು ಕಟ್ಟಿದ್ದಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದ ಇಂಥ ಪ್ಲ್ಯಾನ್ ಮುಟ್ಟಬೇಡಿ. ಮೇಸ್ತ್ರಿ 'ಏನೂ ಆಗಲ್ಲ ಬಿಡಿ' ಎಂದಿದ್ದು ಸಹಿ ಅಲ್ಲ.

ಸಂಪು, ಯುಜಿಡಿ ಅಂದರೆ ಒಳಚರಂಡಿ ಸಂಪರ್ಕ, ಮಳೆನೀರಿನ ಪೈಪು ಗುರುತಿಸಿದ್ದಾರಾ ನೋಡಿ. ಪಾರ್ಕಿಂಗ್ ಎಂದು ಬರೆದ ಜಾಗದ ಬಾಗಿಲಲ್ಲಿ ಕಂಬ ಇದ್ದರೆ ಕಾರು ತಿರುಗುವುದಿಲ್ಲ, ನಾಳೆ ಅಲ್ಲಿ ರೋಲಿಂಗ್ ಶಟರ್ ಬರುತ್ತದೆ.

ಫ್ಲ್ಯಾಟ್ ಆದರೆ

ಜಾಗ 500 ಚದರ ಮೀಟರ್ ದಾಟದಿದ್ದರೆ ಅಥವಾ ಮನೆಗಳು ಎಂಟು ದಾಟದಿದ್ದರೆ ರೇರಾ, ಅಂದರೆ ಬಿಲ್ಡರುಗಳ ಮೇಲೆ ಕಣ್ಣಿಡುವ ಪ್ರಾಧಿಕಾರದಲ್ಲಿ ನೋಂದಣಿ ಕಡ್ಡಾಯವಲ್ಲ. ಸರಿಯಾಗಿ ಎಂಟೇ ಫ್ಲ್ಯಾಟಿನ ಕಟ್ಟಡ ಕಂಡರೆ ಆಶ್ಚರ್ಯ ಬೇಡ. ಅಂಥ ಕಡೆ ನೋಡುವ ಕಣ್ಣು ನಿಮ್ಮದೇ ಆಗಬೇಕು. ಕಟ್ಟಿ ಮುಗಿದಿದ್ದರೆ ವಾಸಕ್ಕೆ ಯೋಗ್ಯ ಎನ್ನುವ ಪ್ರಮಾಣಪತ್ರ, ಅದೇ ಓ.ಸಿ., ಕೇಳಿ. ಅದನ್ನು ನೋಡಿಯೇ ಕರೆಂಟು, ನೀರು ಕೊಡಬೇಕು, ಬ್ಯಾಂಕು ಸಾಲ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 'ಬೆಸ್ಕಾಂ ಮೀಟರ್ ನಾವೇ ಹಾಕಿಸಿಕೊಡ್ತೀವಿ' ಎಂಬ ಮಾತಿಗೆ ಮುಂಗಡ ಕೊಡಬೇಡಿ.

ತಕರಾರು ಬರೆಯುವುದು

ಪಕ್ಕದ ಮನೆಯವರಾದರೆ ಮೊದಲು ಮಾಲೀಕರ ಜೊತೆ ಮಾತಾಡಿ. ಎಷ್ಟೋ ಸಲ ಮೇಸ್ತ್ರಿ ಒಂದಡಿ ಎಳೆದಿದ್ದು ಅವರಿಗೇ ಗೊತ್ತಿರುವುದಿಲ್ಲ. ಆಗದಿದ್ದರೆ ಪಾಲಿಕೆ ಆಯುಕ್ತರಿಗೆ ಬರೆಯಿರಿ. 'ನಮಗೆ ತುಂಬಾ ತೊಂದರೆ' ಎಂಬ ಅರ್ಜಿ ಫೈಲಿನ ತಳ ಸೇರುತ್ತದೆ. 'ಮಂಜೂರಾದ ನಕ್ಷೆಯಲ್ಲಿ ಪೂರ್ವಕ್ಕೆ 1 ಮೀಟರ್ ಬಿಡಬೇಕು. ಸ್ಥಳದಲ್ಲಿ 40 ಸೆಂಟಿಮೀಟರ್ ಇದೆ. ಫೋಟೋ ಲಗತ್ತಿಸಿದೆ' ಎಂದು ಬರೆದರೆ ಸ್ಥಳಕ್ಕೆ ಬಂದು ಅಳೆಯಲೇಬೇಕಾಗುತ್ತದೆ. ಫೋಟೋದಲ್ಲಿ ಟೇಪಿನ ಅಂಕಿ ಕಾಣಲಿ. ಪಾಯ ತೋಡುವಾಗಲೇ ಕೊಡಿ. ಸ್ಲ್ಯಾಬು ಬಿದ್ದ ಮೇಲೆ ಅದನ್ನು ಒಡೆಸುವುದು ವರ್ಷಗಳ ಮಾತು. ಅರ್ಜಿಯ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಂಡೇ ಕೌಂಟರ್ ಬಿಡಿ.