ಸುತ್ತಿಗೆಯ ಪೆಟ್ಟು ಅಳಿಸಬೇಡಿ

ಹಳೆಯ ವಿಚಾರಣೆಗಳ ನ್ಯೂಸ್‌ರೀಲನ್ನು, ಅಂದರೆ ಚಿತ್ರಮಂದಿರಗಳಲ್ಲಿ ತೋರಿಸುತ್ತಿದ್ದ ಸುದ್ದಿಚಿತ್ರವನ್ನು, ಶುಚಿ ಮಾಡಿ ಪರಿಶೀಲಿಸುವುದು ಹೇಗೆಂದು 1947ರ ಅಕ್ಟೋಬರ್ 27ರ ವಿಚಾರಣೆಯನ್ನೇ ಮಾದರಿಯಾಗಿ ಇಟ್ಟುಕೊಂಡು ಹೇಳುತ್ತೇನೆ. ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸತ್ತಿನ ‘ಅಮೆರಿಕನ್ ವಿರೋಧಿ ಚಟುವಟಿಕೆಗಳ ಸಮಿತಿ’ಯ ಮುಂದೆ ಚಿತ್ರಕಥೆಗಾರ ಜಾನ್ ಹೋವರ್ಡ್ ಲಾಸನ್ ಕೂತಿದ್ದಾರೆ. ಅವರು ಬಾಯಿ ತೆರೆದಾಗಲೆಲ್ಲ ಅಧ್ಯಕ್ಷ ಜೆ. ಪಾರ್ನೆಲ್ ಥಾಮಸ್ ಸುತ್ತಿಗೆ ಬಡಿಯುತ್ತಾರೆ. ಇಂಥ ನ್ಯೂಸ್‌ರೀಲಿನ ಧ್ವನಿಗೆ, ಟಕ್ ಟಕ್ ಸದ್ದು ಅಳಿಸುವ ಡಿಕ್ಲಿಕ್ ಫಿಲ್ಟರ್ ಹಾಕಿದರೆ ಫಿಲ್ಮಿನ ಗೀರಿನ ಜೊತೆಗೆ ಸುತ್ತಿಗೆಯ ಪೆಟ್ಟೂ ಮೆತ್ತಗಾಗುತ್ತದೆ. ಸಾಫ್ಟ್‌ವೇರಿಗೆ ಎರಡೂ ಒಂದೇ: ಥಟ್ಟನೆ ಏರಿ ಥಟ್ಟನೆ ಇಳಿಯುವ ಸದ್ದು. ಆದ್ದರಿಂದ ನಾನು ಮೊದಲು ಕಿವಿಗೊಟ್ಟು ಕೇಳಿ ಪ್ರತಿ ಪೆಟ್ಟಿಗೂ ಗುರುತು ಹಾಕುತ್ತೇನೆ. ಫಿಲ್ಟರ್ ಏನಿದ್ದರೂ ಗುರುತುಗಳ ನಡುವಿನ ಜಾಗಕ್ಕೆ ಮಾತ್ರ.

ವಿದ್ಯುತ್ತಿನಿಂದ ಸೇರಿಕೊಳ್ಳುವ ಗುಂಯ್ ಸದ್ದು ತೆಗೆಯುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಮೆರಿಕದ್ದು 60. ಹಳೆಯ ಅಮೆರಿಕನ್ ಧ್ವನಿಪಥದ ಗುಂಯ್ ಸಾಮಾನ್ಯವಾಗಿ 60ರಲ್ಲೋ 120ರಲ್ಲೋ ಇರುತ್ತದೆ. 50ರಲ್ಲಿ ಕಂಡರೆ ಅದು ಬಹುಮಟ್ಟಿಗೆ ನಿಮ್ಮ ಮೇಜಿನ ಅರ್ಥಿಂಗಿನದು, ಫಿಲ್ಮಿನದಲ್ಲ.

ಉಳಿಸಿಕೊಂಡ ಪೆಟ್ಟು ತುಟಿ-ಮಾತು ಹೊಂದಿಸಲು ಒದಗುತ್ತದೆ. ಸುತ್ತಿಗೆ ಮೇಜಿಗೆ ತಾಗುವುದು ಕಾಣುವ ಒಂದು ಶಾಟ್ ಸಿಕ್ಕರೆ ಅದೇ ಕ್ಲಾಪ್ ಬೋರ್ಡು. ಫಿಲ್ಮಿನ ಪಟ್ಟಿಯಲ್ಲಿ ಧ್ವನಿ ಚಿತ್ರಕ್ಕಿಂತ ಮುಂದೆ ಇರುತ್ತದೆ: 35 ಎಂಎಂನಲ್ಲಿ 20 ಫ್ರೇಮು, 16 ಎಂಎಂನಲ್ಲಿ 26. ಮೊದಲಿನಿಂದ ಕೊನೆಯವರೆಗೂ ಅಷ್ಟೇ ಫ್ರೇಮು ತಪ್ಪಿದ್ದರೆ ಸ್ಕ್ಯಾನ್ ಮಾಡಿದವರು ಆ ಅಂತರ ಸರಿಪಡಿಸಿಲ್ಲ ಎಂದರ್ಥ; ಧ್ವನಿಯನ್ನು ಸರಿಸಿದರೆ ಸಾಕು. ವ್ಯತ್ಯಾಸ ಬರಬರುತ್ತ ಹೆಚ್ಚಾದರೆ ವೇಗದ ತಪ್ಪು. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 23.976ಕ್ಕೆ ಇಳಿಸಿ ಧ್ವನಿಯನ್ನು ಹಾಗೇ ಬಿಟ್ಟರೆ ನಿಮಿಷಕ್ಕೆ ಸುಮಾರು ಒಂದೂವರೆ ಫ್ರೇಮು ಜಾರುತ್ತದೆ.

ನಿಜವಾದ ಕೆಲಸ ಇನ್ನು ಮುಂದೆ. ವಾರಕ್ಕೆ ಎರಡು ಬಾರಿ ಬಿಡುಗಡೆಯಾಗುತ್ತಿದ್ದ ನ್ಯೂಸ್‌ರೀಲಿನಲ್ಲಿ ಒಂದು ವಿಚಾರಣೆಗೆ ದೊರೆಯುತ್ತಿದ್ದುದು ಒಂದೆರಡು ನಿಮಿಷ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ, ಅಂದರೆ ಇಡೀ ಸುದ್ದಿ 180 ಅಡಿಯೊಳಗೆ ಮುಗಿಯಬೇಕು. ಹೀಗಾಗಿ ಉತ್ತರವನ್ನು ನಡುವೆ ಕತ್ತರಿಸಿ, ಕತ್ತರಿಯ ಜಾಗಕ್ಕೆ ಫೋಟೋಗ್ರಾಫರುಗಳದ್ದೋ ನಗುವ ಜನರದ್ದೋ ಚಿತ್ರ ಮುಚ್ಚುತ್ತಿದ್ದರು. ಆ ನಗು ಅದೇ ಮಾತಿಗೆ ಬಂದದ್ದು ಎಂದು ನಂಬಬೇಡಿ. ಇಂಥ ತುಣುಕುಗಳನ್ನು ಐಮೋದಂಥ ಕೈಕ್ಯಾಮೆರಾದಲ್ಲಿ ಧ್ವನಿಯಿಲ್ಲದೆ ತೆಗೆಯುತ್ತಿದ್ದರು. ಅದರ 100 ಅಡಿ ರೋಲು 67 ಸೆಕೆಂಡಿಗೆ ಖಾಲಿ.

ಕತ್ತರಿ ಎಲ್ಲಿ ಬಿದ್ದಿದೆ ಎಂದು ಹಿಡಿಯಲು ಮುದ್ರಿತ ನಡಾವಳಿ ಬೇಕೇ ಬೇಕು. ರೀಲಿನ ಮಾತನ್ನು ಅಕ್ಷರಶಃ ಬರೆದುಕೊಂಡು ನಡಾವಳಿಯ ಪಕ್ಕ ಇಡುತ್ತೇನೆ. ಲಾಸನ್ ಸಾಕ್ಷ್ಯದ ನಡಾವಳಿಯಲ್ಲಿ ಅಧ್ಯಕ್ಷರು ಸುತ್ತಿಗೆ ಬಡಿದದ್ದೂ ದಾಖಲಾಗಿದೆ, ಹಾಗಾಗಿ ಮೊದಲು ಹಾಕಿದ ಗುರುತುಗಳು ಇಲ್ಲಿ ಎರಡನೇ ಸಲ ಉಪಯೋಗಕ್ಕೆ ಬರುತ್ತವೆ. ಅನುಮಾನ ಉಳಿದರೆ, ಸದ್ದಿನ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ಹಿಗ್ಗಿಸಿ ಗುಂಯ್ ಸದ್ದಿನ 120 ಹರ್ಟ್ಸಿನ ಗೆರೆ ನೋಡಿ. ಅದು ತುಂಡಾದ ಕಡೆ ಧ್ವನಿಗೂ ಕತ್ತರಿ ಬಿದ್ದಿರುವ ಸಾಧ್ಯತೆ ಹೆಚ್ಚು. ಮೂಲ ನೆಗೆಟಿವ್ ತರಿಸಿ ನೋಡಿದರಾಯಿತಲ್ಲ ಎನ್ನಬಹುದು. ಯೂನಿವರ್ಸಲ್ ನ್ಯೂಸ್‌ರೀಲಿನ ಮಟ್ಟಿಗೆ ಆ ದಾರಿ ಬಹುಪಾಲು ಮುಚ್ಚಿದೆ: 1978ರ ಡಿಸೆಂಬರಿನಲ್ಲಿ ಮೇರಿಲ್ಯಾಂಡಿನ ಸೂಟ್‌ಲ್ಯಾಂಡಿನಲ್ಲಿದ್ದ ರಾಷ್ಟ್ರೀಯ ಪತ್ರಾಗಾರದ ಉಗ್ರಾಣಕ್ಕೆ ಬೆಂಕಿ ಬಿದ್ದು, ಆ ನ್ಯೂಸ್‌ರೀಲಿನ ಸುಮಾರು 1.26 ಕೋಟಿ ಅಡಿ ನೈಟ್ರೇಟ್ (ಸುಲಭವಾಗಿ ಹೊತ್ತಿಕೊಳ್ಳುವ ಹಳೆಯ) ಫಿಲ್ಮು ಸುಟ್ಟುಹೋಯಿತು.

ಅಮೆರಿಕದ ಸೇನೆ ಮತ್ತು ಸೆನೆಟರ್ ಜೋಸೆಫ್ ಮೆಕಾರ್ಥಿಯ ನಡುವಿನ ಜಗಳದ 1954ರ ವಿಚಾರಣೆಯ ವಿಷಯ ಬೇರೆ. 36 ದಿನ ನಡೆದ ಅದನ್ನು ಎಬಿಸಿ ಮತ್ತು ಡುಮಾಂಟ್ ಟಿವಿ ಜಾಲಗಳು ನೇರವಾಗಿ ಪ್ರಸಾರ ಮಾಡಿದವು. ಟಿವಿ ಪರದೆಯನ್ನೇ ಫಿಲ್ಮಿಗೆ ಹಿಡಿದ ಕಿನೆಸ್ಕೋಪ್ ಪ್ರತಿಗಳಲ್ಲಿ ಅಡ್ಡಗೆರೆ ಕಾಣುತ್ತವೆ, ಬಿಳುಪು ಹರಡಿಕೊಂಡಿರುತ್ತದೆ. ಆ ಗೆರೆಗಳನ್ನು ಅಳಿಸಲು ಹೋದರೆ ಮುಖ ಮೇಣದ ಗೊಂಬೆಯಂತಾಗುತ್ತದೆ. ಬಿಟ್ಟುಬಿಡಿ. ಹಳೆಯ 4:3ರ ಚಿತ್ರವನ್ನು ಇಂದಿನ ಅಗಲ ಪರದೆಯ 16:9ಕ್ಕೆ ಕತ್ತರಿಸಲೂ ಬೇಡಿ. ಎತ್ತರದ ಕಾಲುಭಾಗ ಹೋಗಿ ಮೈಕೋ ಹಣೆಯೋ ಹೊರಗುಳಿಯುತ್ತದೆ.

ಡಬ್ಬಿಯ ಮೇಲಿನ ಇಸವಿಯನ್ನು ನಾನು ಎಂದೂ ಹಾಗೇ ಒಪ್ಪುವುದಿಲ್ಲ. ಕೊಡಾಕ್ ಫಿಲ್ಮು ತಯಾರಾದ ವರ್ಷ ಸೂಚಿಸುವ ಅಂಚಿನ ಚಿಹ್ನೆಗಳು 20 ವರ್ಷಕ್ಕೊಮ್ಮೆ ಮರುಕಳಿಸುತ್ತಿದ್ದವು, ಹಾಗಾಗಿ 1947ರದ್ದೇ ಚಿಹ್ನೆ 1967ರ ಪ್ರತಿಯಲ್ಲೂ ಇರಬಹುದು. ಪ್ರಿಂಟಿನಲ್ಲಿ ಎರಡು ಚಿಹ್ನೆ ಕಂಡರೆ ಕಪ್ಪಾಗಿರುವುದು ಪ್ರಿಂಟಿನದು, ಬೆಳ್ಳಗಿರುವುದು ಅದರ ನೆಗೆಟಿವಿನದು. ಬರೆದುಕೊಳ್ಳಬೇಕಾದದ್ದು ಎರಡನ್ನೂ.